“ಮೇಷ್ಟ್ರಿಗೇನ್ ಬಿಡಿ, ನಾಲ್ಕೂವರೆಗೆಲ್ಲ ಫ್ರೀ” ಅನ್ನುವವರಿಗೆ

ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಹಳೇ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರೈಮರಿ ಶಾಲೆಯ ಶಿಕ್ಷಕರಿಗೆ ಎದುರಾಗುವ ಪ್ರಶ್ನೆ ಒಂದೇ. “ನಾಲ್ಕೂವರೆಗೆ ಮನೆಗೆ ಹೋಗ್ತೀರಿ, ದಸರಾ ರಜೆ, ಬೇಸಿಗೆ ರಜೆ ಬೇರೆ. ಸಿನಿಮಾ, ಕ್ರಿಕೆಟ್ಟು, ಬಿಗ್ ಬಾಸು, ಫ್ರೆಂಡ್ಸು ಎಲ್ಲದಕ್ಕೂ ಬೇಕಾದಷ್ಟು ಟೈಮ್ ಇರುತ್ತಲ್ವಾ?” ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನೇ ತಿರುಗಿಸಿ ಕೇಳುತ್ತಾರೆ: “ಒಂದು ಸಿನಿಮಾ ನೋಡೋಕೂ ಬಿಡುವಿಲ್ಲ, ಉಳಿದವರು ಹೆಂಗೆ ನಿಭಾಯಿಸ್ತಾರೆ?”

ಇಬ್ಬರಿಗೂ ಉತ್ತರ ಒಂದೇ. ಟೈಮ್ ಇರುವುದಿಲ್ಲ, ಮಾಡಿಕೊಳ್ಳಬಹುದು. ಆದರೆ ಸಂಜೆಯ ಹೊತ್ತನ್ನು ಸಂಜೆ ಉಳಿಸಲು ಆಗುವುದಿಲ್ಲ. ಬೆಳಗಿನ ಪ್ರಾರ್ಥನೆಯಿಂದ ಕೊನೆಯ ಗಂಟೆಯವರೆಗಿನ ಅವಧಿಯಲ್ಲೇ ಅದು ಉಳಿಯಬೇಕು, ಇಲ್ಲವೇ ಹೋಗಬೇಕು.

ಮೊದಲ ಕಳ್ಳ ಎಂದರೆ ಕಾಪಿ ತಿದ್ದುವ ಕೆಲಸ. ಐದನೇ ತರಗತಿಯಲ್ಲಿ 30 ಮಕ್ಕಳು ಇದ್ದಾರೆ ಅಂದುಕೊಳ್ಳಿ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಸೇರಿ 120 ಪುಸ್ತಕ. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ಮೂರು ಗಂಟೆ. ಇದನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೊತ್ತವರಿಗೆ ಸಂಜೆ ಅನ್ನುವುದೇ ಉಳಿಯುವುದಿಲ್ಲ. ದಿನಕ್ಕೆ ಒಂದೇ ವಿಷಯ ಹಿಡಿಯಿರಿ. ಪುಸ್ತಕ ಒಟ್ಟುಮಾಡುವಾಗ ತಿದ್ದಬೇಕಾದ ಪುಟ ತೆರೆದಿಟ್ಟೇ ಪೇರಿಸಲು ಮಕ್ಕಳಿಗೆ ಹೇಳಿ. ಪುಟ ಹುಡುಕಲು ಪುಸ್ತಕಕ್ಕೆ 10 ಸೆಕೆಂಡ್ ಹೋದರೂ 120 ಪುಸ್ತಕಕ್ಕೆ 20 ನಿಮಿಷ ಆಯಿತು. ಉಕ್ತಲೇಖನವನ್ನಂತೂ ಮನೆಗೆ ತರಲೇಬಾರದು. ಸರಿಯುತ್ತರ ಬೋರ್ಡ್ ಮೇಲೆ ಬರೆದು, ಪುಸ್ತಕ ಅದಲುಬದಲು ಮಾಡಿಸಿ, ಮಕ್ಕಳಿಂದಲೇ ತಿದ್ದಿಸಿ. ನಾಲ್ಕಕ್ಕಿಂತ ಹೆಚ್ಚು ತಪ್ಪಾದವರ ಪುಸ್ತಕ ಮಾತ್ರ ನಿಮ್ಮ ಮೇಜಿಗೆ ಬರಲಿ. ಇದು ಕೆಡುವುದು ಎರಡು ಕಡೆ. ಪಕ್ಕದವರ ಜೊತೆ ಬದಲಿಸಿಕೊಂಡರೆ ದೋಸ್ತಿ ಕೆಲಸ ಮಾಡುತ್ತದೆ, ತಪ್ಪೆಲ್ಲ ಸರಿಯಾಗಿಬಿಡುತ್ತದೆ. ಹಾಗಾಗಿ ಮೊದಲ ಸಾಲಿನದು ಕೊನೆಯ ಸಾಲಿಗೆ ಹೋಗಲಿ. ಇನ್ನೊಂದು ಪೆನ್ಸಿಲ್ಲು, ರಬ್ಬರ್ರು. ಅವು ಚೀಲದೊಳಗೆ ಹೋದ ಮೇಲೇ ತಿದ್ದುವ ಕೆಲಸ ಶುರುವಾಗಲಿ, ಗುರುತು ಹಾಕಲು ಬಣ್ಣದ ಕ್ರೇಯಾನ್ ಕೊಡಿ. ಇನ್ನು ಎಲ್ಲ ತಪ್ಪಿಗೂ ಕೆಂಪು ಗೆರೆ ಎಳೆಯುವ ಹಟ ಬೇಡ. ಈ ವಾರ ಒತ್ತಕ್ಷರ, ಮುಂದಿನ ವಾರ ‘ನ’ಕಾರ ‘ಣ’ಕಾರ. ಪುಟ ತುಂಬಾ ಕೆಂಪಾದರೆ ಮಗು ಯಾವುದನ್ನೂ ನೋಡುವುದಿಲ್ಲ.

ಎರಡನೆಯದು ಬಿಸಿಯೂಟದ ಲೆಕ್ಕ. ಹಾಜರಿ ಮುಗಿದ ಕೂಡಲೇ ಅಡುಗೆಯವರಿಗೆ ಸಂಖ್ಯೆ ಹೋಗಬೇಕು. 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. 6ರಿಂದ 8ರವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಚಿಕ್ಕವರು 42, ದೊಡ್ಡವರು 28 ಇದ್ದರೆ ಎರಡೂ ಕಡೆ 4.2 ಕಿಲೋ, ಒಟ್ಟು 8.4 ಕಿಲೋ ಅಕ್ಕಿ, 1.68 ಕಿಲೋ ಬೇಳೆ. ಹಾಲಿನ ದಿನವಾದರೆ ತಲೆಗೆ 18 ಗ್ರಾಂ ಪುಡಿಯಿಂದ 150 ಮಿಲಿ ಹಾಲು. 70 ಮಕ್ಕಳಿಗೆ 1.26 ಕಿಲೋ ಪುಡಿ, ಹತ್ತೂವರೆ ಲೀಟರ್ ಹಾಲು. ಕುದಿಯುವ ನೀರಿಗೆ ನೇರ ಪುಡಿ ಸುರಿದರೆ ಗಂಟು ಕಟ್ಟುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಆಮೇಲೆ ಸೇರಿಸಬೇಕು. ಇಷ್ಟೂ ಅಂಕಿ ಆ ಹೊತ್ತಿಗೇ ದಾಸ್ತಾನು ಪುಸ್ತಕಕ್ಕೆ ಏರಿದರೆ ಎರಡು ನಿಮಿಷದ ಕೆಲಸ. ಶನಿವಾರಕ್ಕೆ ಇಟ್ಟರೆ ಅರ್ಧ ಗಂಟೆ, ಜೊತೆಗೆ ಎಲ್ಲೋ ಮೂರು ಕಿಲೋ ಅಕ್ಕಿ ತಾಳೆಯಾಗದೆ ಕಾಡುವ ತಲೆನೋವು. ಎಸ್‌ಎಟಿಎಸ್ ಅನ್ನುವ, ಮಕ್ಕಳ ವಿವರ ದಾಖಲಿಸುವ ಸರ್ಕಾರಿ ಜಾಲತಾಣಕ್ಕೆ ಮಾಹಿತಿ ತುಂಬುವುದೂ ಹೀಗೇ. ಕೊನೆಯ ದಿನದ ಸಂಜೆ ತಾಲ್ಲೂಕೆಲ್ಲ ಒಟ್ಟಿಗೆ ಕೂತಿರುತ್ತದೆ, ಪುಟ ತೆರೆಯುವುದೇ ಇಲ್ಲ. ಮೂರು ದಿನ ಮೊದಲು, ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ.

ಹೀಗೆ ಉಳಿಸಿದ ಸಂಜೆಯನ್ನು ಏನು ಮಾಡುವುದು? ಐಪಿಎಲ್ ಕಾಲದಲ್ಲಿ ಉತ್ತರ ಹೇಳಬೇಕಾಗಿಲ್ಲ. ತೊಂದರೆ ಎಂದರೆ ಆ ಹಬ್ಬ ಬರುವುದೇ ಎರಡನೇ ಸಂಕಲನಾತ್ಮಕ ಮೌಲ್ಯಮಾಪನದ, ಅಂದರೆ ವರ್ಷದ ಕೊನೆಯ ಪರೀಕ್ಷೆಯ ಹೊತ್ತಿಗೆ. ಪಂದ್ಯ ಶುರುವಾಗುವುದು ಏಳೂವರೆಗೆ, ಮುಗಿಯುವಷ್ಟರಲ್ಲಿ ಹನ್ನೊಂದು ದಾಟುತ್ತದೆ. ಟಿವಿ ಮುಂದೆ ಕೂತು ಉತ್ತರ ಪತ್ರಿಕೆ ತಿದ್ದುತ್ತೇನೆ ಅನ್ನುವವರನ್ನು ನಂಬಬೇಡಿ. ಅಂಕ ಕೂಡುವಾಗ ಒಂದು ವಿಕೆಟ್ ಬಿದ್ದರೆ ಯಾವುದೋ ಮಗುವಿನ ಏಳು ಅಂಕ ಗಾಳಿಗೆ ಹೋಗುತ್ತದೆ. ಪಂದ್ಯದ ಜೊತೆ ಹೊಂದುವುದು ಕೈಗೆ ಕೆಲಸ, ತಲೆಗೆ ಬಿಡುವು ಇರುವಂಥದ್ದು: ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಕತ್ತರಿಸುವುದು, ರಿಜಿಸ್ಟರಿಗೆ ಗೆರೆ ಹೊಡೆಯುವುದು, ಚಿಕ್ಕ ತರಗತಿಗಳ ನಲಿ-ಕಲಿ ಕಲಿಕೆಯ ಕಾರ್ಡುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುವುದು. ಬಿಗ್ ಬಾಸ್ ನೋಡುವವರಿಗೂ ಇದೇ ಮಾತು. ಕಿವಿ ಕೊಟ್ಟರೆ ಸಾಕು, ಕಣ್ಣು ಅಷ್ಟಾಗಿ ಬೇಕಿಲ್ಲ.

ಟೀಚರ್ ಇದನ್ನೆಲ್ಲ ನೋಡಬೇಕಾ ಅಂತ ಮೂಗು ಮುರಿಯುವವರೂ ಇದ್ದಾರೆ. ನೋಡದವರಿಗೆ ಸೋಮವಾರ ಬೆಳಗ್ಗೆ ಮಕ್ಕಳ ಮಾತು ಅರ್ಥವಾಗುವುದಿಲ್ಲ, ಅಷ್ಟೇ. ಅದಕ್ಕಿಂತ ಹೆಚ್ಚಾಗಿ, ಕ್ರಿಕೆಟ್‌ನಷ್ಟು ಒಳ್ಳೆಯ ಗಣಿತದ ಗಣಿ ಏಳು, ಎಂಟನೇ ತರಗತಿಗೆ ಇನ್ನೊಂದಿಲ್ಲ. 2025ರ ಜೂನ್ 3ರ ಐಪಿಎಲ್ ಫೈನಲ್ ತೆಗೆದುಕೊಳ್ಳಿ. ಆರ್‌ಸಿಬಿ 20 ಓವರಿಗೆ 190, ಪಂಜಾಬ್ 20 ಓವರಿಗೆ 184. ಓವರಿಗೆ 9.5 ಕಳೆ 9.2, ಉಳಿದದ್ದು 0.3. ನೆಟ್ ರನ್ ರೇಟ್ ಅಂದರೆ ಇಷ್ಟೇ ಎಂದು ಬೋರ್ಡ್ ಮೇಲೆ ಎರಡು ಸಾಲಿನಲ್ಲಿ ತೋರಿಸಬಹುದು. ಮಕ್ಕಳು ಎಡವುವ ಜಾಗ ಬೇರೆ ಇದೆ, ದೊಡ್ಡವರೂ ಅಲ್ಲೇ ಎಡವುತ್ತಾರೆ. 3.2 ಓವರ್ ಅಂದರೆ ದಶಮಾಂಶದ 3.2 ಅಲ್ಲ. ಅದು ಮೂರು ಓವರ್ ಮತ್ತು ಎರಡು ಎಸೆತ. ಆರರಲ್ಲಿ ಎರಡು, ಅಂದರೆ 3.33. ಬೌಲರ್ 25 ರನ್ ಕೊಟ್ಟಿದ್ದರೆ ಎಕಾನಮಿ, ಅಂದರೆ ಓವರಿಗೆ ಕೊಟ್ಟ ರನ್, 7.5. ಕ್ಯಾಲ್ಕುಲೇಟರಿಗೆ 3.2 ಒತ್ತಿದವನಿಗೆ 7.81 ಬರುತ್ತದೆ. ಅವನು ತಪ್ಪು ಮಾಡುವವರೆಗೂ ಬಿಡಿ, ಆಮೇಲೆ “ಯಾಕೆ ಟಿವಿಯಲ್ಲಿ ಬೇರೆ ತೋರಿಸ್ತಿದೆ?” ಅಂತ ಕೇಳಿ. ಭಿನ್ನರಾಶಿಯನ್ನು ದಶಮಾಂಶಕ್ಕೆ ತರುವ ಪಾಠ ಅಲ್ಲಿಂದ ತಾನಾಗಿ ನಡೆಯುತ್ತದೆ. ತಂಡ ಆಲೌಟ್ ಆದರೆ ಆಡಿದ ಓವರ್ ಅಲ್ಲ, ಪೂರ್ತಿ 20 ಓವರ್ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಮರೆತರೆ ಕೊನೇ ಬೆಂಚಿನ ಹುಡುಗ ನೆನಪಿಸುತ್ತಾನೆ.

ಸಿನಿಮಾ ಹಾಡಿನ ಧಾಟಿಗೆ ಮಗ್ಗಿ ಹೇಳಿಸುವವರು ಬಹಳ. ಉರು ಹೊಡೆಸಲು ಚೆನ್ನ. ಆದರೆ ಧಾಟಿಯೇ ಮಗುವನ್ನು ಎಳೆದುಕೊಂಡು ಹೋಗುತ್ತದೆ, ನಡುವೆ “ಏಳೆಂಟ್ಲ?” ಎಂದು ಕೇಳಿದರೆ ಮೊದಲಿಂದ ಹಾಡಿಕೊಂಡು ಬರಬೇಕು. ಎರಡನೇ ದಿನದಿಂದಲೇ ಹಾಡನ್ನು ಅಲ್ಲಲ್ಲಿ ತುಂಡರಿಸಿ ನಿಲ್ಲಿಸಿ, ನಾಲ್ಕನೇ ದಿನ ಧಾಟಿ ಬಿಟ್ಟು ಕಲೆಸಿದ ಕಾರ್ಡುಗಳಿಂದ ಕೇಳಿ.

ಈ ಸಿನಿಮಾ ಜ್ಞಾನಕ್ಕೆಲ್ಲ ನಿಜವಾದ ಪರೀಕ್ಷೆ ಶಾಲಾ ವಾರ್ಷಿಕೋತ್ಸವ. ಸಿಬ್ಬಂದಿಯಲ್ಲಿ ಯಾರು ಚಿಕ್ಕವರೋ ಅವರ ತಲೆಗೇ ಡಾನ್ಸ್ ಕಟ್ಟುವುದು ಕರ್ನಾಟಕದ ಅಲಿಖಿತ ನಿಯಮ. ಹಾಡು ಆರಿಸುವ ಮೊದಲು ಹೆಡ್‌ಫೋನ್ ಹಾಕಿ ಕೊನೆಯ ಚರಣದವರೆಗೂ ಕೇಳಿ. ಪಲ್ಲವಿ ನಾಡು ನುಡಿ ಅಂದಿದ್ದು ಎರಡನೇ ಚರಣದಲ್ಲಿ ಹೆಂಡದ ಬಾರ್‌ಗೆ ಹೋಗಿಬಿಟ್ಟಿರುತ್ತದೆ. ಮೈಕಿನಲ್ಲಿ ಅದು ಬಂದಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಮುಂದಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಹಾಡು ನಾಲ್ಕೂವರೆ ನಿಮಿಷ ಇದ್ದರೆ ಮೂರು, ಹೆಚ್ಚೆಂದರೆ ಮೂರೂವರೆಗೆ ಇಳಿಸಿ. ಒಂದು ಚರಣ ಪೂರ್ತಿ ತೆಗೆಯುವುದು ಲೇಸು, ನಡುವೆ ಕತ್ತರಿಸಿದರೆ ತಾಳ ಹಾರಿ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ.

ಹನ್ನೆರಡು ಮಕ್ಕಳು, ಆರಾರರ ಎರಡು ಸಾಲು. ಹಳ್ಳಿ ಶಾಲೆಯ ವೇದಿಕೆ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಸಾಲು ಬದಲಿಸುವುದು ಇಡೀ ಹಾಡಿಗೆ ನಾಲ್ಕು ಸಲ ಸಾಕು, ಅದೂ ಸಾಹಿತ್ಯ ಇಲ್ಲದೆ ಬರೀ ವಾದ್ಯ ಬರುವ ಜಾಗದಲ್ಲಿ. ದಿನಕ್ಕೆ ಅರ್ಧ ಗಂಟೆಯಂತೆ ಹತ್ತು ದಿನ: ಮೊದಲ ಮೂರು ದಿನ ಹಾಡಿಲ್ಲದೆ ಎಣಿಕೆಯಲ್ಲಿ, ಆಮೇಲೆ ಹಾಡಿನ ಜೊತೆ, ಕೊನೆಯ ಎರಡು ದಿನ ವೇದಿಕೆಯ ಅಳತೆಗೆ ಸುಣ್ಣದ ಗೆರೆ ಹಾಕಿ. ಮೈದಾನದಲ್ಲಿ ಅಭ್ಯಾಸ ಮಾಡಿದ ಮಕ್ಕಳು ವೇದಿಕೆ ಮೇಲೆ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುವುದು ಈ ಗೆರೆ ಇಲ್ಲದ್ದರಿಂದಲೇ. ಮುಂದಿನ ಸಾಲಿನ ನಡುವೆ ನಿಲ್ಲುವ ಮಗುವಿಗೆ ಬದಲಿ ಒಬ್ಬರು ಬೇಕೇ ಬೇಕು, ಆ ದಿನವೇ ಅದಕ್ಕೆ ಜ್ವರ ಬರುತ್ತದೆ. ಹಾಡುಗಳನ್ನು ಯೂಟ್ಯೂಬಿನಿಂದ ನೇರ ಹಾಕುವ ಸಾಹಸ ಬೇಡ, ಜನ ಸೇರಿದ ಕೂಡಲೇ ನೆಟ್‌ವರ್ಕ್ ಕೂತುಬಿಡುತ್ತದೆ. ಎರಡು ಪೆನ್‌ಡ್ರೈವಿಗೆ ಹಾಕಿ, ಕಡತಗಳ ಹೆಸರು 01, 02 ಎಂದು ಕಾರ್ಯಕ್ರಮದ ಸರದಿಯಲ್ಲೇ ಇರಲಿ. ಹಿಂದಿನ ದಿನವೇ ಸೌಂಡ್ ಸಿಸ್ಟಮ್‌ನವರ ಪೆಟ್ಟಿಗೆಗೆ ಚುಚ್ಚಿ ನೋಡಿ. ಲ್ಯಾಪ್‌ಟಾಪಿನಲ್ಲಿ ತೆರೆದದ್ದು ಅಲ್ಲಿ ತೆರೆಯದೇ ಇರಬಹುದು.

ಮೊಬೈಲಿನ ವಿಷಯ ಚುಟುಕಾಗಿ. ಮಕ್ಕಳ ಮುಖ ಕಾಣುವ ರೀಲ್ ನಿಮ್ಮ ಸ್ವಂತ ಖಾತೆಗೆ ಬೇಡ, ಎಷ್ಟೇ ಮುದ್ದಾಗಿದ್ದರೂ. ಪಾಠದ ಅವಧಿಯಲ್ಲಿ ತೆಗೆದ ರೀಲ್‌ಗೆ ಲೈಕಿಗಿಂತ ಮೊದಲು ನೋಟಿಸ್ ಬರುತ್ತದೆ. ಗೆಳೆಯರ ಕಿರುಚಿತ್ರದಲ್ಲಿ ಪಾತ್ರ ಮಾಡುವ ಆಸೆ ಇದ್ದರೆ ಮೊದಲು ನಡತೆ ನಿಯಮಗಳನ್ನು ಓದಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಿರಿ.

ಗೆಳೆತನದ ಕಷ್ಟ ಬೇರೆ ಬಗೆಯದು. ಮೈಸೂರು ಕಡೆಯವರು ಯಾದಗಿರಿಯ ಹಳ್ಳಿಗೆ ಹೋಗಿ ಬಿದ್ದಿರುತ್ತಾರೆ, ಅಲ್ಲಿ ಎಲ್ಲರ ಬಾಯಲ್ಲೂ “ಅಕ್ಕೋರು” ಆಗಿರುತ್ತಾರೆ. ಹೆಸರು ಹಿಡಿದು ಕರೆಯುವವರೇ ಇರುವುದಿಲ್ಲ. ಶಾಲೆಯಲ್ಲಿ ಇರುವುದು ಇಬ್ಬರೋ ಮೂವರೋ ಶಿಕ್ಷಕರು, ಅದರಲ್ಲಿ ಹೆಡ್‌ಮಾಸ್ಟರ್ ಅಪ್ಪನ ವಯಸ್ಸಿನವರು. ಹಾಗಾಗಿ ಒಂದೇ ವಯಸ್ಸಿನವರು ಸಿಗುವುದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮಾತು ಮುಗಿದ ಕೂಡಲೇ ಬೈಕ್ ಏರಿ ಓಡುವವರಿಗೆ ಊರಲ್ಲಿ ಸ್ನೇಹಿತರಿರುವುದಿಲ್ಲ. ಚಹಾಕ್ಕೆ ನಿಲ್ಲಿ. ತಾಲ್ಲೂಕು ಕೇಂದ್ರದಲ್ಲಿ ಮೂವರು ಸೇರಿ ಮನೆ ಹಿಡಿದರೆ ಬಾಡಿಗೆಯೂ ಹಂಚಿಹೋಗುತ್ತದೆ, ರಾತ್ರಿ ಊಟಕ್ಕೆ ಮಾತೂ ಇರುತ್ತದೆ. ಆದರೆ ಸಿಲಿಂಡರ್, ದಿನಸಿ, ಕರೆಂಟ್ ಬಿಲ್ ಮೊದಲ ತಿಂಗಳಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಸಹೋದ್ಯೋಗಿಗೆ ಸಾಲಕ್ಕೆ ಜಾಮೀನು ಹಾಕುವುದು, ಸ್ಟಾಫ್‌ರೂಮಿನ ಚೀಟಿ ವ್ಯವಹಾರ, ಈ ಎರಡಕ್ಕೆ ಮಾತ್ರ ನಯವಾಗಿ ಇಲ್ಲ ಅನ್ನಿ.

ಬೆಂಗಳೂರಿನ ಐಟಿ ಗೆಳೆಯರ ಜೊತೆ ದಿನ ಹೊಂದಿಸುವುದು ನಿಜಕ್ಕೂ ಕಷ್ಟ. ಅವರಿಗೆ ಶನಿವಾರ, ಭಾನುವಾರ ಎರಡೂ ಬಿಡುವು. ನಮಗೆ ಶನಿವಾರ ಬೆಳಗಿನ ಶಾಲೆ. ನಮಗೆ ದಸರಾ ರಜೆ ಬಂದಾಗ ಅವರಿಗೆ ಆಯುಧಪೂಜೆ, ವಿಜಯದಶಮಿ ಅಷ್ಟೇ. “ರಜೆ ಹಾಕಿ ಬಾ” ಅನ್ನುವವರಿಗೆ ಒಂದು ಲೆಕ್ಕ ಹೇಳಿ: ಬೇರೆ ಇಲಾಖೆಯ ನೌಕರರಿಗೆ ವರ್ಷಕ್ಕೆ 30 ಗಳಿಕೆ ರಜೆ, ಬೇಸಿಗೆ ರಜೆ ಇರುವ ಕಾರಣಕ್ಕೆ ಶಿಕ್ಷಕರಿಗೆ 10. ಆದ್ದರಿಂದ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಬಂದ ದಿನವೇ ಅದರ ಫೋಟೋ ಗೆಳೆಯರ ಗುಂಪಿಗೆ ಹಾಕಿ, ಅಕ್ಟೋಬರಿನಲ್ಲಿ ಒಂದು ದಿನ, ಮೇನಲ್ಲಿ ಒಂದು ದಿನ ಅಂತ ಆಗಲೇ ಗುರುತು ಮಾಡಿಸಿ. “ಯಾವಾಗಾದ್ರೂ ಸಿಗೋಣ” ಅಂದರೆ ಸಿಗುವುದು ಯಾರದ್ದಾದರೂ ಮದುವೆಯಲ್ಲೇ.

ಉಳಿದದ್ದು ಶನಿವಾರ. ಬೆಳಗಿನ ಶಾಲೆ ಮಧ್ಯಾಹ್ನದೊಳಗೆ ಬಿಡುತ್ತದೆ, ಕನ್ನಡ ಸಿನಿಮಾ ಬಿಡುಗಡೆಯಾಗುವುದು ಸಾಮಾನ್ಯವಾಗಿ ಶುಕ್ರವಾರ, ತಾಲ್ಲೂಕಿನ ಟಾಕೀಸಿನಲ್ಲಿ ಎರಡನೇ ವಾರಕ್ಕೆ ಚಿತ್ರ ಉಳಿದಿರುವ ಭರವಸೆ ಇಲ್ಲ. ಹಾಗಾಗಿ ಶಿಕ್ಷಕರ ಆಟ ಅಂದರೆ ಶನಿವಾರದ ಮ್ಯಾಟ್ನಿ. ಸೆಕೆಂಡ್ ಶೋ ಆಸೆ ಬಿಡಿ, ಮುಗಿಯುವಾಗ ಹಳ್ಳಿಗೆ ಬಸ್ಸಿರುವುದಿಲ್ಲ. ಶಿಕ್ಷಕಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ, ಕರ್ನಾಟಕದ ವಿಳಾಸ ಇರುವ ಆಧಾರ್ ಕೈಯಲ್ಲಿದ್ದರೆ ಸಾಕು. ಊಟದ ಡಬ್ಬಿ ಶಾಲೆಯಲ್ಲೇ ಖಾಲಿ ಮಾಡಿ ಹೊರಡಿ, ವಾಪಸ್ ಬಸ್ಸಿನ ಹೊತ್ತನ್ನು ಬೆಳಗ್ಗೆಯೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಇಂಟರ್ವಲ್‌ನಲ್ಲಿ ಹಿಂದಿನ ಸಾಲಿನಿಂದ “ಮಿಸ್, ನೀವೂ ಬಂದಿದೀರಾ!” ಅಂತ ಒಂದು ಕೂಗು ಕೇಳುತ್ತದೆ. ತಿರುಗಿ ಕೈ ಬೀಸಿ, ಪಾಪ್‌ಕಾರ್ನ್ ಕೊಡಿಸುವ ಮಾತು ಮಾತ್ರ ಆಡಬೇಡಿ. ಆ ಸಾಲಿನಲ್ಲಿ ನಿಮ್ಮ ತರಗತಿಯವರು ಇನ್ನೂ ಆರು ಜನ ಇರುತ್ತಾರೆ.