ಬರಿಗಾಲು, ವಾ ಪೆಡಲ್ ಮತ್ತು ಒಂದು ಪುಟ್ಟ ಕಾಯಿಲ್

ನಮ್ಮ ಆರ್ಕೆಸ್ಟ್ರಾದ ಕಾರ್ಯಕ್ರಮಗಳು ಅರ್ಧಕ್ಕರ್ಧ ನಡೆಯುವುದು ದೇವಸ್ಥಾನದ ಮುಂದೆ, ಇಲ್ಲಾ ಗಣೇಶನ ಪೆಂಡಾಲಿನಲ್ಲಿ. ಸ್ಟೇಜ್ ಹತ್ತುವ ಮುಂಚೆ ಚಪ್ಪಲಿ ಬಿಡಬೇಕು. ಅದಕ್ಕೇ ವಾ ಪೆಡಲ್, ಅಂದರೆ ಕಾಲಲ್ಲಿ ತುಳಿದು ಗಿಟಾರಿನ ಕೈಲಿ 'ವಾ' ಅನ್ನಿಸುವ ಪೆಡಲ್, ಯಾವುದು ತಗೊಳ್ಳಲಿ ಅಂತ ಹುಡುಗರು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಅಂಗಡಿಯಲ್ಲೇ ಶೂ ಬಿಚ್ಚಿ, ಬರಿಗಾಲಲ್ಲಿ ತುಳಿದು ನೋಡಿ.

ಹೆಚ್ಚಿನ ವಾ ಪೆಡಲ್‌ಗಳಲ್ಲಿ ಸ್ವಿಚ್ಚು ಬೆರಳುಗಳ ಕೆಳಗೆ ಅಡಗಿರುತ್ತದೆ. ಪಾದವನ್ನು ಪೂರ್ತಿ ಮುಂದಕ್ಕೆ ಬಗ್ಗಿಸಿ ಜೋರಾಗಿ ಒತ್ತಿದರೆ ಟಕ್ ಅಂತ ಆನ್ ಆಗುತ್ತದೆ. ನನ್ನದು ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡ ಡನ್‌ಲಾಪ್ ಕ್ರೈ ಬೇಬಿ. ಮನೆಯಲ್ಲಿ ಶೂ ಹಾಕಿಕೊಂಡು ಪ್ರಾಕ್ಟೀಸ್ ಮಾಡಿದ್ದೆ. ಗುಬ್ಬಿ ಹತ್ತಿರದ ಒಂದು ಹಳ್ಳಿಯ ಗಣೇಶೋತ್ಸವದಲ್ಲಿ ಬರಿಗಾಲಲ್ಲಿ ಒತ್ತಿದೆ, ಸ್ವಿಚ್ಚು ಬೀಳಲಿಲ್ಲ. ಇಡೀ ಸೋಲೋ ವಾ ಇಲ್ಲದೆ ಒಣಒಣವಾಗಿ ಮುಗಿದುಹೋಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಅಂಗಡಿಯಲ್ಲಿ ಬಿಚ್ಚಿದೆ. ನಮ್ಮದು ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗಿರುವ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರುಗಳ ಮಧ್ಯೆ ಬೆಳೆದವನು ನಾನು. ಸ್ವಿಚ್ಚಿನ ನಟ್ಟು ಸಡಿಲ ಮಾಡಿ, ಸ್ವಿಚ್ಚನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ ಮತ್ತೆ ಬಿಗಿ ಮಾಡಿದೆ. ಸರಿಹೋಯಿತು. ಮಾರ್ಲಿ ಕಂಪನಿಯ ಕೆಲವು ಮಾಡೆಲ್‌ಗಳಲ್ಲಿ ಈ ತಾಪತ್ರಯವೇ ಇಲ್ಲ. ಕಾಲಿಟ್ಟರೆ ಆನ್, ತೆಗೆದರೆ ಸ್ಪ್ರಿಂಗ್ ಎತ್ತಿ ಆಫ್. ಒಳಗೆ ಪಾಟ್ (ರೇಡಿಯೋದ ವಾಲ್ಯೂಮ್ ಗುಂಡಿಯ ಕೆಳಗಿರುತ್ತಲ್ಲ, ಅಂಥ ತಿರುಗಿಸುವ ಭಾಗ) ಬದಲು ಬೆಳಕಿನಿಂದ ಕೆಲಸ ಮಾಡುತ್ತದೆ, ಹಾಗಾಗಿ ಸವೆದು ಕರಕರ ಅನ್ನುವುದೂ ಇಲ್ಲ. ಆದರೆ ಸೈಜ್ ದೊಡ್ಡದು. ಬೈಕಿನಲ್ಲಿ ಓಡಾಡುವವರು ಯೋಚನೆ ಮಾಡಬೇಕು.

ಅವತ್ತು ನನ್ನ ಪೆಡಲಿನೊಳಗೆ ಕಂಡಿದ್ದನ್ನು ಮರೆಯಲಾರೆ. ಬೋರ್ಡಿನ ಮೇಲೆ ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡ ಕಾಯಿಲ್! ನಾವು ದಿನಾ ಕೆಜಿಗಟ್ಟಲೆ ತಾಮ್ರದ ತಂತಿ ಸುತ್ತುತ್ತೇವೆ. ಇಲ್ಲಿ ಅಷ್ಟೇ ಅಷ್ಟು ತಂತಿ, ಕಾಯಿಲ್ ಅಳೆಯುವ ಲೆಕ್ಕದಲ್ಲಿ ಸುಮಾರು 500 ಮಿಲಿಹೆನ್ರಿ. ಈ ಕಾಯಿಲ್ಲು, ಒಂದು ಕೆಪಾಸಿಟರ್ ಸೇರಿ ಗಿಟಾರಿನ ಸದ್ದಿನಲ್ಲಿ ಮಂದ್ರಕ್ಕೂ ತಾರಕ್ಕೂ ನಡುವಿನ ಒಂದು ಜಾಗವನ್ನು ಮಾತ್ರ ಎತ್ತಿ ಹಿಡಿಯುತ್ತವೆ. ಕಾಲು ಆಡಿಸಿದರೆ ಹಲ್ಲಿನ ಪಟ್ಟಿ ಸರಿದು ಪಾಟ್‌ನ ಗಿಯರ್ ತಿರುಗುತ್ತದೆ. ಆ ಎತ್ತಿದ ಜಾಗ ಸುಮಾರು 400 ಹರ್ಟ್ಜ್‌ನಿಂದ 2000 ಹರ್ಟ್ಜ್‌ವರೆಗೆ ಜಾರುತ್ತದೆ. ಬಾಯಿ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ಒಂದೇ ಉಸಿರಿನಲ್ಲಿ ಊ ಅಂತ ಶುರುಮಾಡಿ ಆ ಅಂತ ಬಾಯಿ ಬಿಡಿ. ಅದೇ ವಾ.

ಇದು ಹುಟ್ಟಿದ್ದೂ ಹುಡುಕಿಕೊಂಡು ಹೋಗಿ ಅಲ್ಲ. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಅನ್ನುವ ಎಂಜಿನಿಯರ್, ವಾಕ್ಸ್ ಅನ್ನುವ ಬ್ರ್ಯಾಂಡಿನ ಆಂಪ್ಲಿಫೈಯರಿನ ದುಬಾರಿ ಸ್ವಿಚ್ಚಿನ ಜಾಗಕ್ಕೆ ಅಗ್ಗದ ಪಾಟ್ ಹಾಕಲು ಹೊರಟಿದ್ದರು. ತಿರುಗಿಸಿದಾಗ ಈ ಸದ್ದು ಬಂತು. ಅದನ್ನು ಆರ್ಗನ್ ಅನ್ನುವ ಕೀಬೋರ್ಡ್ ವಾದ್ಯದ ವಾಲ್ಯೂಮ್ ಪೆಡಲ್ಲಿನೊಳಗೆ ಕೂರಿಸಿದರು. ಕೈಯಲ್ಲಿ ಪಾಟ್ ಹಿಡಿದು ತಿರುಗಿಸಿ ನೋಡುವ ಮೆಕ್ಯಾನಿಕ್‌ಗಳ ಮೇಲೆ ನನಗೆ ಅದಕ್ಕೇ ಗೌರವ ಜಾಸ್ತಿ.

ಸೆಕೆಂಡ್‌ಹ್ಯಾಂಡ್ ತಗೊಳ್ಳುವಾಗ ಪೆಡಲನ್ನು ತುಂಬಾ ನಿಧಾನಕ್ಕೆ ಆಡಿಸಿ ಕಿವಿಗೊಟ್ಟು ಕೇಳಿ. ಕರಕರ ಅಂದರೆ ಪಾಟ್‌ನಲ್ಲಿ ಧೂಳಿದೆ, ಇಲ್ಲಾ ಸವೆದಿದೆ. ಧೂಳಾದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಸವೆದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಮಾಮೂಲಿ 100ಕೆ ಪಾಟ್ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ. ಸದ್ದೆಲ್ಲ ಒಂದೇ ಮೂಲೆಯಲ್ಲಿ ದಡಕ್ಕಂತ ಬದಲಾಗುತ್ತದೆ. ವಾ ಪೆಡಲ್ಲಿಗೇ ಮಾಡಿದ ಪಾಟ್ ತರಿಸಿ. ಜನರೇಟರ್ ಕರೆಂಟಿನಲ್ಲಿ ಅಡಾಪ್ಟರ್ ಗುಂಯ್‌ಗುಟ್ಟಿದರೆ 9 ವೋಲ್ಟ್ ಬ್ಯಾಟರಿಯೇ ಗತಿ. ಆಟ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಅದು ಚುಚ್ಚಿಕೊಂಡಿರುವವರೆಗೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಕೇಬಲ್ ಜೋಡಿಸುವಾಗ ಮೊದಲು ಗಿಟಾರ್, ಆಮೇಲೆ ವಾ, ಆಮೇಲೆ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್. ನನಗೆ ಹಿಡಿಸಿದ ಸಾಲು ಇದು.

ನುಡಿಸುವ ವಿಷಯಕ್ಕೆ ಬಂದರೆ, ಎಲ್ಲರೂ ಮೊದಲು ತಾಳಕ್ಕೆ ಸರಿಯಾಗಿ ಕಾಲು ಕುಣಿಸುತ್ತಾರೆ. ಹಳೇ ಹಾಡುಗಳ ಚಕಾ-ಚಕಾ ರಿದಮ್‌ಗೆ ಅದು ಚೆನ್ನ. ಮೆಲೊಡಿಗೆ ಹಾಗೆ ಮಾಡಿದರೆ ಹಾಡು ತೊದಲಿದ ಹಾಗಿರುತ್ತದೆ. ಸಾಲಿನ ಮೊದಲ ಸ್ವರದಲ್ಲಿ ಹಿಮ್ಮಡಿ ಕೆಳಗಿರಲಿ. ಸ್ವರ ಎಳೆದಂತೆ ಪಾದವೂ ನಿಧಾನಕ್ಕೆ ಮುಂದೆ ಬರಲಿ. ಸಾಲು ಮುಗಿಯುವ ಹೊತ್ತಿಗೆ ಬಾಯಿ ತೆರೆದಿರಬೇಕು. ಎಷ್ಟೋ ಸಲ ನಾನು ಪೆಡಲನ್ನು ಅರ್ಧದಲ್ಲೇ ನಿಲ್ಲಿಸಿ ಕಾಲು ಅಲ್ಲಾಡಿಸುವುದೇ ಇಲ್ಲ. ಮೂಗಿನಲ್ಲಿ ಹಾಡಿದಂಥ ಆ ಸದ್ದು ಶಹನಾಯಿ ಬಿಟ್‌ಗಳಿಗೆ ತುಂಬಾ ಹೊಂದುತ್ತದೆ.

ಹೋದ ವಾರ ಕಾಲೇಜು ಹುಡುಗನೊಬ್ಬ ಅಂಗಡಿಗೆ ಪೆಡಲ್ ತಂದಿದ್ದ. 'ಅಣ್ಣಾ, ಮುಂದೆ ತುಳಿದಾಗ ಕಿವಿ ಚುಚ್ಚುತ್ತೆ' ಅಂದ. ಹಲ್ಲಿನ ಪಟ್ಟಿ ಸರಿಸಿ, ಗಿಯರನ್ನು ಒಂದೇ ಒಂದು ಹಲ್ಲು ಹಿಂದಕ್ಕೆ ತಿರುಗಿಸಿ ಕೂರಿಸಿಕೊಟ್ಟೆ. ಬಿಚ್ಚಿಟ್ಟ ಮೋಟಾರಿನ ಪಕ್ಕದ ಸ್ಟೂಲಿನಲ್ಲಿ ಕೂತು, ಚಪ್ಪಲಿ ಬಿಟ್ಟು, ಒಂದೇ ಸ್ವರವನ್ನು ಊ ಇಂದ ಆ ತನಕ ಎಳೆದ. ಅಪ್ಪ ತಂತಿ ಸುತ್ತುವುದನ್ನು ನಿಲ್ಲಿಸಿ, 'ಇನ್ನೊಂದ್ಸಲ ನುಡಿಸಪ್ಪ' ಅಂದರು.