ಕಾಲರ್ ಐಡಿ, ಭಾಗ 3: ಹೆಂಡತಿಯ ನಂಬರ್ ಮಾತ್ರ ಯಾಕೆ ಫೇಲ್?

ಲ್ಯಾಂಡ್‌ಲೈನಿಗೆ ಕರೆ ಬಂದರೆ ಯಾವ ನಂಬರಿಂದ ಅಂತ ಕಂಪ್ಯೂಟರಿನಲ್ಲಿ ತೋರಿಸುವ ನನ್ನ ಬೋರ್ಡ್ ಕೊನೆಗೂ ಕೆಲಸ ಮಾಡಿತು. ಮೂರು ವಾರ ತಲೆ ತಿಂದದ್ದು ಒಂದೇ ಒಂದು ಬಿಟ್.

ಬೋರ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋನ್ ಲೈನಿನಲ್ಲಿ ಬರುವ ಟೋನನ್ನು ಬಿಟ್‌ಗಳಾಗಿ ಮಾಡುವ ಎಚ್‌ಟಿ9032 ಚಿಪ್, ಲೈನ್ ಕಡೆ 250 ವೋಲ್ಟಿನ ಕೆಪಾಸಿಟರ್‌ಗಳು, ಈಚೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್232, ಅಲ್ಲಿಂದ ಕಂಪ್ಯೂಟರಿನ ಸೀರಿಯಲ್ ಪೋರ್ಟ್. ಚಿಪ್ಪಿಗೆ ತಾಳ ಕೊಡುವ ಕ್ರಿಸ್ಟಲ್ ವಿಷಯಕ್ಕೆ ಮಾತ್ರ ಗೊಣಗದೆ ಇರೋಕಾಗಲ್ಲ. ಕೇಳಿದ್ದು 3.58 ಮೆಗಾಹರ್ಟ್ಸ್, ಬಂದದ್ದು 3.6864. ಫೋನ್ ಮಾಡಿದರೆ, "ಸಾರ್, ಎರಡೂ ಮೂರೂವರೆ ಚಿಲ್ಲರೆ ತಾನೇ?" ಅಂದ ಪುಣ್ಯಾತ್ಮ! ಬದಲಿ ಬರೋಕೆ ಇನ್ನೊಂದು ವಾರ.

ಸರಿಯಾದದ್ದು ಹಾಕಿದ ಮೇಲೆ ಮೊದಲ ಕರೆಗೇ ಟರ್ಮಿನಲ್ ಮೇಲೆ 'ಯುಯುಯುಯು' ಅಂತ ಸಾಲು ಬಂತು. ಕುಣಿದುಬಿಟ್ಟೆ. ಮೊದಲನೇ ರಿಂಗ್ ನಿಂತು ಎರಡನೆಯದು ಶುರುವಾಗುವುದರೊಳಗೆ ಬರುವ 300 ಬಿಟ್‌ಗಳು ಸೊನ್ನೆ, ಒಂದು, ಸೊನ್ನೆ, ಒಂದು ಅಂತ ಸಾಲಾಗಿ ಇರುತ್ತವೆ. ಪೋರ್ಟಿಗೆ ಅದು 30 ಸಲ ಇಂಗ್ಲಿಷಿನ ಯು. ಆಮೇಲೆ ಪೋರ್ಟಿಗೆ 150 ಮಿಲಿಸೆಕೆಂಡ್ ಮೌನ; ಲೈನಿನಲ್ಲಿ ಆಗ ಬರುವುದು ಒಂದೇ ಸಮನೆ 180 ಮಾರ್ಕ್ ಬಿಟ್, ಅಂದರೆ ಬರೀ 'ಒಂದು'ಗಳು. ಅದಾದ ಮೇಲೆ ತಾರೀಖು, ಟೈಮು, ನಂಬರು. ಒಂದಂಕಿಯೂ ತಪ್ಪಿಲ್ಲ.

ಹಟ ಹಿಡಿದದ್ದು ಚೆಕ್‌ಸಮ್, ಅಂದರೆ ಬಂದದ್ದು ಸರಿಯಿದೆಯಾ ಅಂತ ನೋಡೋಕೆ ಕೊನೆಯಲ್ಲಿ ಬರುವ ಬೈಟ್. ಅದೂ ಸೇರಿ ಎಲ್ಲ ಬೈಟ್ ಕೂಡಿ 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು ಅಲ್ವಾ? ನನ್ನ ಮೊಬೈಲಿಂದ ಮಾಡಿದರೆ ಪ್ರತಿ ಸಲವೂ ಸೊನ್ನೆ. ಹೆಂಡತಿಯ ಮೊಬೈಲಿಂದ ಮಾಡಿದರೆ ಪ್ರತಿ ಸಲವೂ ಫೇಲ್. ಗೆಳೆಯನದಂತೂ ಇನ್ನೂ ವಿಚಿತ್ರ: 9.15ಕ್ಕೆ ಪಾಸ್, 9.16ಕ್ಕೆ ಫೇಲ್.

ಲೈನಿನ ಗದ್ದಲ (ನಾಯ್ಸ್) ಅಂದುಕೊಂಡೆ. ವೈರ್ ಬದಲಾಯಿಸಿದೆ, ಪವರ್ ಸಪ್ಲೈ ದೂರ ಇಟ್ಟೆ, ಬೆಸುಗೆಗಳನ್ನೆಲ್ಲ ಮತ್ತೊಮ್ಮೆ ಕಾಯಿಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಂಡತಿಯ ಮೊಬೈಲ್ ಮೇಲೂ ಅನುಮಾನಪಟ್ಟೆ. ನಂಬರ್ ಹೊತ್ತು ಬರುವ ಟೋನ್ ಹುಟ್ಟುವುದು ನಮ್ಮ ಎಕ್ಸ್‌ಚೇಂಜಿನಲ್ಲಿ, ಅವಳ ಮೊಬೈಲಿನಲ್ಲಲ್ಲ ಅಂತ ನೆನಪಾಗೋಕೆ ಎರಡು ದಿನ ಬೇಕಾಯಿತು.

ಬೇಸರವಾಗಿ ಹಳೇ ರೋಟರಿ ಫೋನ್ ಬಿಚ್ಚಿಕೊಂಡು ಕೂತೆ. ಡಯಲ್ ಬಿಟ್ಟರೆ ಅದು ಕಿರ್ರನೆ ವಾಪಸ್ ತಿರುಗುವಾಗ ಸೆಕೆಂಡಿಗೆ 10 ಪಲ್ಸ್. ಸೊನ್ನೆ ತಿರುಗಿಸಿದರೆ ಹತ್ತು ಪಲ್ಸ್. ಬಟನ್ ಫೋನಿನ ಟೋನ್ (ಡಿಟಿಎಂಎಫ್) ಓದುವ ಎಂಟಿ8870 ಚಿಪ್ಪೂ ಸೊನ್ನೆಗೆ ಹತ್ತು ಅಂತಲೇ ಕೊಡುತ್ತದೆ. ಅಂದರೆ ಎರಡಕ್ಕೂ ಒಂದೇ ಕೋಡ್ ಸಾಕು! ಮುಂದಿನ ಪ್ರಾಜೆಕ್ಟ್ ಇದೇ: ಡಯಲ್ ತಿರುಗಿಸಿ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಕೊಡುವುದು. ಯಾಕೆ ಅಂತ ಕೇಳಬೇಡಿ.

ಇರಲಿ. ಭಾನುವಾರ ರಾತ್ರಿ, ಫೇಲ್ ಆದಾಗ ಶೇಷ ಎಷ್ಟು ಬರುತ್ತದೆ ಅಂತ ಸುಮ್ನೆ ಪ್ರಿಂಟ್ ಮಾಡಿಸಿದೆ. 128. ಇನ್ನೊಂದು ಕರೆ: 128. ಗೆಳೆಯನಿಗೆ ಮಾಡಲು ಹೇಳಿದೆ, ಅದೂ 128. ಗದ್ದಲ ಇಷ್ಟು ಶಿಸ್ತಿನಿಂದ ತಪ್ಪು ಮಾಡೋದಿಲ್ಲ.

ಬೈಟ್‌ಗಳನ್ನು ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ ನೋಡಿದೆ. ಯು ಮತ್ತು ಮೌನ ಮುಗಿದ ಮೇಲಿನ ಮೊದಲ ಬೈಟ್ 80 (ನಮ್ಮ ಲೆಕ್ಕದ 128) ಇರಬೇಕಿತ್ತು, 00 ಇದೆ. ಯಾರೋ ಎಂಟನೇ ಬಿಟ್ಟನ್ನು ಕತ್ತರಿಸುತ್ತಿದ್ದಾರೆ! ಆ 'ಯಾರೋ' ನಾನೇ. ಪೋರ್ಟ್ ಸೆಟ್ಟಿಂಗನ್ನು ಹಳೆಯ ಸ್ಕ್ರಿಪ್ಟಿಂದ ಎತ್ತಿ ಹಾಕಿದ್ದೆ, ಅದರಲ್ಲಿ ಪ್ರತಿ ಬೈಟಿನ ಎಂಟನೇ ಬಿಟ್ ಅಳಿಸುವ 'ಐಸ್ಟ್ರಿಪ್' ಆನ್ ಇತ್ತು. ಅಂಕಿಗಳೆಲ್ಲ ಏಳು ಬಿಟ್ಟಿನ ಅಕ್ಷರಸಂಕೇತ (ಆಸ್ಕಿ), ಅವಕ್ಕೇನೂ ಆಗುವುದಿಲ್ಲ. ಏಟು ಬೀಳುವುದು ಮೊದಲ ಬೈಟಿಗೆ ಮತ್ತು ಚೆಕ್‌ಸಮ್‌ಗೆ. ಚೆಕ್‌ಸಮ್ 128 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಎರಡೂ ಕಡೆ 128 ಕಳೆದು ಒಟ್ಟು 256, ಅಂದರೆ ಶೇಷ ಸೊನ್ನೆ, ಪಾಸ್. ಕಡಿಮೆ ಇದ್ದರೆ ಒಂದೇ ಕಡೆ ಕಳೆದು ಫೇಲ್. ನನ್ನ ನಂಬರಿನದು ಮೇಲೆ, ಅವಳದು ಕೆಳಗೆ. ಗೆಳೆಯನದು ಗಡಿಯಲ್ಲಿ. 9.15ಕ್ಕೆ 128, ನಿಮಿಷದ ಅಂಕಿ ಒಂದು ಏರಿದರೆ ಚೆಕ್‌ಸಮ್ ಒಂದು ಇಳಿದು 127.

ಮೊದಲ ಬೈಟ್ 80 ಇದೆಯಾ ಅಂತ ಒಂದು ಸಾಲು ಕೋಡ್ ಬರೆದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಸೋಮಾರಿತನದಿಂದ, ಯು ಮುಗಿದ ಮೇಲೆ ಬಂದದ್ದನ್ನೆಲ್ಲ ಹಾಗೇ ನುಂಗಿಸಿದ್ದೆ.

ಐಸ್ಟ್ರಿಪ್ ತೆಗೆದು ಒಳಗೆ ಕೂಗಿದೆ, "ಇನ್ನೊಂದು ಸಲ ಮಾಡೇ!" ರಿಂಗ್. ಯುಯುಯು. 80. ಶೇಷ ಸೊನ್ನೆ.

"ರೀ, ಈ ಸಲನಾದ್ರೂ ಎತ್ತಿ," ಅಂದಳು ಅಡುಗೆಮನೆಯಿಂದ. ಎತ್ತಿದೆ.