ತೀರಿಕೊಂಡವರ ಹೆಸರಿನ ಲೈಸೆನ್ಸುಗಳು: ಕೋವಿ, ಗಾಡಿ, ಅಂಗಡಿ

ತಿಥಿ ಮುಗಿಯಲಿ, ಆಮೇಲೆ ಕಚೇರಿ ಕೆಲಸ ನೋಡೋಣ ಅನ್ನುವುದು ರೂಢಿ. ತಪ್ಪೇನಿಲ್ಲ, ಮನೆಯಲ್ಲಿ ಕೋವಿ ಇಲ್ಲದಿದ್ದರೆ.

ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಕೋವಿ ಇರುತ್ತದೆ. ಅದರ ಲೈಸೆನ್ಸ್ ಯಜಮಾನರ ಹೆಸರಿಗೆ, ಮನೆಗಲ್ಲ. ಅವರು ಹೋದ ಮೇಲೆ ಅದು ಅಟ್ಟದ ಮೇಲೆ ಸುಮ್ಮನೆ ಬಿದ್ದಿದ್ದರೂ ಲೈಸೆನ್ಸಿಲ್ಲದ ಬಂದೂಕೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೋ ಒಪ್ಪಿಸಬೇಕು. ಮರಣ ಪ್ರಮಾಣಪತ್ರ ಬರಲೆಂದು ಕಾಯಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ ತಿಳಿಸಿ, ಆಮೇಲೆ ಒಯ್ಯಿರಿ. ಉಳಿದ ತೋಟಾಗಳನ್ನೂ ಎಣಿಸಿ ಕೊಡಿ. ರಸೀದಿಯಲ್ಲಿ ಒಂಟಿ ನಳಿಗೆಯೋ ಜೋಡಿ ನಳಿಗೆಯೋ, ಬೋರ್ (ನಳಿಗೆಯ ಒಳ ಅಳತೆ) ಎಷ್ಟು, ತೋಟಾ ಎಷ್ಟು, ಕೋವಿಯ ನಂಬರೇನು ಎಲ್ಲ ಇರಲಿ. ನಂಬರನ್ನು ಕೋವಿಯ ಮೇಲೆ ಕೊರೆದಿರುವುದನ್ನೇ ನೋಡಿ ಬರೆಸಿ. ಹಳೇ ಲೈಸೆನ್ಸ್ ಪುಸ್ತಕ ನೋಡಿ ಇಳಿಸಿಕೊಂಡರೆ 3 ಇದ್ದದ್ದು 8 ಆಗಿರುತ್ತದೆ, ಮುಂದೆ ಪೊಲೀಸ್ ವರದಿ ತಾಳೆಯಾಗದೆ ಫೈಲು ಅಲ್ಲೇ ಕೂರುತ್ತದೆ.

ಮಗನೋ ಮಗಳೋ ಅದನ್ನು ಇಟ್ಟುಕೊಳ್ಳಬೇಕೆಂದರೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ದಾರಿ ಇದೆ: ಜಿಲ್ಲಾಧಿಕಾರಿಗೆ, ಬೆಂಗಳೂರಾದರೆ ಪೊಲೀಸ್ ಆಯುಕ್ತರಿಗೆ ಅರ್ಜಿ, ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್. ಇದು ತಾನಾಗಿ ಬರುವ ಹಕ್ಕಲ್ಲ, ಪೊಲೀಸ್ ವಿಚಾರಣೆ ಹೊಸದಾಗಿಯೇ ನಡೆಯುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ 2029ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಇರುವುದರಿಂದ ಅಲ್ಲಿಯ ಲೆಕ್ಕ ಬೇರೆ.

ಗಾಡಿಯ ವಿಷಯದಲ್ಲಿ ಎರಡು ಗಡುವು. ಮೋಟಾರು ವಾಹನ ನಿಯಮ 56ರ ಪ್ರಕಾರ ಸಾವಿನಿಂದ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮಾತ್ರ ಮೂರು ತಿಂಗಳು ಗಾಡಿ ಓಡಿಸಬಹುದು. ಆ ಮೂರು ತಿಂಗಳಲ್ಲೇ ಫಾರಂ 31, ಅಂದರೆ ವಾರಸುದಾರರ ಹೆಸರಿಗೆ ಮಾಡಿಸುವ ಅರ್ಜಿ, ಹಾಕಬೇಕು. ಮೊದಲನೆಯದನ್ನು ಯಾರೂ ಮಾಡುವುದಿಲ್ಲ. ಒಂದು ಹಾಳೆಯ ಪತ್ರ ಸಾಕು, ಆದರೆ ಕಚೇರಿಯ ಸ್ವೀಕೃತಿ ಮೊಹರು ಬಿದ್ದ ನಕಲು ನಿಮ್ಮ ಕೈಯಲ್ಲಿರಬೇಕು. ಫಾರಂ 29, 30 ಮಾರಾಟಕ್ಕೆ. ಅದರಲ್ಲಿ ತೀರಿಕೊಂಡವರ ಸಹಿ ಹಾಕಿಸಿಕೊಡುವ ಏಜೆಂಟರಿದ್ದಾರೆ. ಅದು ಫೋರ್ಜರಿ, ಮರಣದ ತಾರೀಖು ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ. ಸಾರಿಗೆ ಇಲಾಖೆಯ ಪೋರ್ಟಲಿನಲ್ಲಿ ಮಾರಾಟ ಅನ್ನುವುದನ್ನು ಬಿಟ್ಟು ಉತ್ತರಾಧಿಕಾರ ಅನ್ನುವುದನ್ನೇ ಆರಿಸಿ. ಸಾಲ ಬಾಕಿ ಇದ್ದರೆ ಬ್ಯಾಂಕಿನ ಎನ್‌ಒಸಿ ಇಲ್ಲದೆ ಮುಂದೆ ಹೋಗದು.

ಗಾಡಿಯ ಇನ್ಶೂರೆನ್ಸ್ ಹಳೇ ಹೆಸರಲ್ಲಿ ನಡೆಯುವುದೂ ಇದೇ ಮೂರು ತಿಂಗಳು. ಪಾಲಿಸಿ ಅದಕ್ಕಿಂತ ಮುಂಚೆ ಮುಗಿಯುವುದಿದ್ದರೆ ಅಲ್ಲಿಗೇ ನಿಂತಿತು. ಲೆಕ್ಕ ಶುರುವಾಗುವುದು ಸಾವಿನ ದಿನದಿಂದ, ಪ್ರಮಾಣಪತ್ರ ಕೈಗೆ ಬಂದ ದಿನದಿಂದಲ್ಲ.

ಹೋಟೆಲು, ಬೇಕರಿ, ದಿನಸಿ ಅಂಗಡಿ ನಡೆಸುತ್ತಿದ್ದವರಾದರೆ ಅವರ ಆಹಾರ ಲೈಸೆನ್ಸ್ ಮನೆಯವರ ಪಾಲಿಗೆ 90 ದಿನ ಜೀವಂತವಿರುತ್ತದೆ. ಅಷ್ಟರೊಳಗೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಜಿಎಸ್‌ಟಿ ನಂಬರು ಮಾತ್ರ ಹೆಸರು ಬದಲಿಸಿಕೊಂಡು ಮುಂದುವರಿಯುವುದಿಲ್ಲ, ಅದು ಪ್ಯಾನ್‌ಗೆ ಕಟ್ಟುಬಿದ್ದದ್ದು. ಅಂಗಡಿ ಮುಂದುವರಿಸುವವರು ಮೊದಲು ಹೊಸ ನೋಂದಣಿ ಪಡೆದು, ಉಳಿದ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ) ಐಟಿಸಿ-02 ಫಾರಂನಲ್ಲಿ ವರ್ಗಾಯಿಸಿಕೊಂಡು, ಆಮೇಲೆ ಆರ್‌ಇಜಿ-16 ಫಾರಂನಲ್ಲಿ ಹಳೆಯದನ್ನು ರದ್ದು ಮಾಡಿಸಬೇಕು. ಅವಸರದಲ್ಲಿ ರದ್ದು ಮೊದಲು ಮಾಡಿಸಿದರೆ ಕ್ರೆಡಿಟ್ ಕೈಬಿಟ್ಟ ಹಾಗೆಯೇ.

ಈ ಐಟಿಸಿ-02ಕ್ಕೆ ಒಟಿಪಿ ಬರುವುದು ಎಲ್ಲಿಗೆ? ನೋಂದಣಿಯಲ್ಲಿ ಕೊಟ್ಟ ಮೊಬೈಲಿಗೆ, ಸಾಮಾನ್ಯವಾಗಿ ಅದು ತೀರಿಕೊಂಡವರದೇ. ಆದ್ದರಿಂದ ಸಿಮ್ ಎಸೆಯಬೇಡಿ, ಇದೆಲ್ಲ ಮುಗಿಯುವವರೆಗೆ ರೀಚಾರ್ಜ್ ಮಾಡಿಸುತ್ತಲೇ ಇರಿ.

ಎಲ್ಲ ಕಡೆ ಕೇಳುವುದು ಮರಣ ಪ್ರಮಾಣಪತ್ರ; ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಎಂಟು ಹತ್ತು ಪ್ರತಿ ತೆಗೆಸಿಡಿ. ಆಸ್ಪತ್ರೆಯಲ್ಲಿ ಹೋದವರಿಗೆ ಅಲ್ಲಿನ ಕೇಸ್ ಶೀಟಿನ ಹೆಸರೇ ನೋಂದಣಿಗೆ ಹೋಗುತ್ತದೆ; ಭರ್ತಿ ಮಾಡಿದ ರಾತ್ರಿ ಯಾರೋ ‘ತಿಮ್ಮಪ್ಪ’ ಅಂದಿರುತ್ತಾರೆ, ಆರ್‌ಸಿಯಲ್ಲಿ ‘ಕೆ. ತಿಮ್ಮೇಗೌಡ’ ಅಂತಿರುತ್ತದೆ. ನೋಂದಣಿಗೆ ಮುಂಚೆಯೇ ಆಧಾರ್ ಹಿಡಿದು ಸರಿಪಡಿಸಿದರೆ ಐದು ನಿಮಿಷದ ಕೆಲಸ. ಆಮೇಲಾದರೆ ತಿದ್ದುಪಡಿ ಅರ್ಜಿ, ಇಲ್ಲವೇ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್, ಅದೂ ಕಚೇರಿಗೊಂದರಂತೆ. ನಾಡಕಚೇರಿಯಲ್ಲಿ ವಾರಸುದಾರರನ್ನು ತೋರಿಸುವ ವಂಶವೃಕ್ಷಕ್ಕೂ ಪ್ರಮಾಣಪತ್ರ ಸಿಕ್ಕ ದಿನವೇ ಅರ್ಜಿ ಹಾಕಿಬಿಡಿ.

ಡ್ರೈವಿಂಗ್ ಲೈಸೆನ್ಸಿಗೆ ಯಾವ ಅವಸರವೂ ಇಲ್ಲ. ಸಾವು ಅಪಘಾತದಲ್ಲಾಗಿದ್ದರೆ ಅದನ್ನು ಒಪ್ಪಿಸಲೇಬೇಡಿ: ಗಾಡಿ ಪಾಲಿಸಿಯಲ್ಲಿ ಮಾಲೀಕ-ಚಾಲಕರಿಗಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕೇಳುವಾಗ ಆ ದಿನ ಅವರ ಲೈಸೆನ್ಸ್ ಚಾಲ್ತಿಯಲ್ಲಿತ್ತೆಂದು ತೋರಿಸಬೇಕಾಗುತ್ತದೆ.